ತನ್ನ ತಪ್ಪಿನ ಲೆಕ್ಕವನ್ನು ತಾನೇ ಇಟ್ಟ ವೈದ್ಯ: ಸರ್ ಜಾನ್ ಚಾರ್ನ್ಲಿ



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕೀಲುನೋವಿನಿಂದ ಬಳಲುವ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಮೊದಲು ಅವರು ನೆಲದ ಮೇಲೆ ಕೂರುವುದನ್ನು ಬಿಡುತ್ತಾರೆ. ಆಮೇಲೆ ಮೆಟ್ಟಿಲು ಹತ್ತುವುದನ್ನು ಬಿಡುತ್ತಾರೆ. ನಮಾಝಿಗೆ ಕುರ್ಚಿ ಬರುತ್ತದೆ, ಕೈಗೆ ಕೋಲು ಬರುತ್ತದೆ. ನೆಂಟರಿಷ್ಟರ ಮದುವೆಗೆ ಹೋಗುವುದು ನಿಲ್ಲುತ್ತದೆ. ಕೊನೆಗೆ ರಾತ್ರಿ ಮಗ್ಗುಲು ಬದಲಿಸುವಾಗಲೂ ನರಳುವುದು ಕೇಳಿಸುತ್ತದೆ. ವಯಸ್ಸಾಯಿತು, ಏನು ಮಾಡಲಾದೀತು ಎಂದು ಮನೆಯವರೂ ಸುಮ್ಮನಾಗುತ್ತಾರೆ.

1950ರ ದಶಕದವರೆಗೆ ಸೊಂಟದ ಕೀಲು ಪೂರ್ತಿ ಸವೆದವರಿಗೆ ದೊಡ್ಡ ದೊಡ್ಡ ವೈದ್ಯರ ಬಳಿಯೂ ಭರವಸೆಯ ಉತ್ತರ ಇರಲಿಲ್ಲ. ಇಂದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಂತಹ ನಮ್ಮ ಊರುಗಳಲ್ಲೇ ಸವೆದ ಕೀಲನ್ನು ತೆಗೆದು ಕೃತಕ ಕೀಲನ್ನು ಕೂರಿಸುತ್ತಾರೆ. ಎಷ್ಟೋ ರೋಗಿಗಳು ಒಂದೆರಡು ದಿನಗಳಲ್ಲಿ ಎದ್ದು ನಿಲ್ಲುತ್ತಾರೆ. 2007ರಲ್ಲಿ 'ಲ್ಯಾನ್ಸೆಟ್' ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನವೊಂದು ಇದನ್ನು ಶತಮಾನದ ಶಸ್ತ್ರಚಿಕಿತ್ಸೆ ಎಂದು ಕರೆಯಿತು. ಈ ಚಿಕಿತ್ಸೆಗೆ ಭದ್ರ ಬುನಾದಿ ಹಾಕಿದವರು ಇಂಗ್ಲೆಂಡಿನ ಸರ್ ಜಾನ್ ಚಾರ್ನ್ಲಿ.

ಅವರ ಜಾಣ್ಮೆಯ ಕಥೆ ದೊಡ್ಡದು. ಆದರೆ ನೀವು, ಅದರಲ್ಲೂ ವಿದ್ಯಾರ್ಥಿಗಳಾದ ನೀವು, ಗಮನಿಸಬೇಕಾದ ಸಂಗತಿ ಬೇರೊಂದಿದೆ. ಸುಮಾರು 300 ರೋಗಿಗಳಿಗೆ ತಾವೇ ಕೂರಿಸಿದ ಕೀಲುಗಳು ಕೆಟ್ಟುಹೋದಾಗ ಈ ಮನುಷ್ಯ ಏನು ಮಾಡಿದರು ಎಂಬುದೇ ಆ ಸಂಗತಿ.

ಔಷಧ ಅಂಗಡಿಯವರ ಮಗ

ಚಾರ್ನ್ಲಿ ಹುಟ್ಟಿದ್ದು 1911ರ ಆಗಸ್ಟ್ 29ರಂದು, ಲ್ಯಾಂಕಶೈರಿನ ಬೆರಿ ಎಂಬ ಊರಿನಲ್ಲಿ. ಅದು ಬಟ್ಟೆ ಗಿರಣಿಗಳ ಸೀಮೆ. ತಂದೆ ಔಷಧ ಅಂಗಡಿ ನಡೆಸುತ್ತಿದ್ದರು, ತಾಯಿ ದಾದಿಯಾಗಿ ತರಬೇತಿ ಪಡೆದವರು. ಊರಿನ ಗ್ರಾಮರ್ ಶಾಲೆಯಲ್ಲಿ ಓದಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1935ರಲ್ಲಿ ವೈದ್ಯ ಪದವಿ ಪಡೆದರು. ಮರುವರ್ಷವೇ ಶಸ್ತ್ರವೈದ್ಯರ ರಾಯಲ್ ಕಾಲೇಜಿನ ಕಠಿಣ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆಗ ಅವರಿಗೆ ಇಪ್ಪತ್ತೈದು ವರ್ಷ.

ಎರಡನೇ ಮಹಾಯುದ್ಧದಲ್ಲಿ ಅವರು ಸೈನ್ಯದ ವೈದ್ಯರಾದರು. ಕೈರೋದಲ್ಲಿದ್ದಾಗ ಸೈನ್ಯದ ಕಾರ್ಯಾಗಾರದ ಕುಶಲಕರ್ಮಿಗಳ ಜೊತೆ ಸೇರಿ ಮುರಿದ ಮೂಳೆಗಳ ಚಿಕಿತ್ಸೆಗೆ ಬೇಕಾದ ಉಪಕರಣಗಳನ್ನು ಮಾಡಿಸಿದರು. ಆಸ್ಪತ್ರೆಯ ಕೋಣೆಯಲ್ಲಿ ಎಷ್ಟು ಸಲೀಸಾಗಿ ಇರುತ್ತಿದ್ದರೋ ಲೇತ್ ಯಂತ್ರದ ಮುಂದೆಯೂ ಅಷ್ಟೇ ಸಲೀಸಾಗಿ ಇರುವುದನ್ನು ಅಲ್ಲಿ ರೂಢಿಸಿಕೊಂಡರು. ಮುಂದೆ ಮನೆಯಲ್ಲೇ ಒಂದು ಕಾರ್ಯಾಗಾರ ಮಾಡಿಕೊಂಡರು. ವೈದ್ಯನಿಗೆ ಕಬ್ಬಿಣದ ಕೆಲಸ ಏಕೆ ಎಂದು ನೀವು ಕೇಳಬಹುದು. ಕೀಲೂ ಒಂದು ಯಂತ್ರವೇ. ಅದು ಕೆಟ್ಟಾಗ ಯಂತ್ರದ ನಿಯಮಗಳನ್ನು ಬಲ್ಲವರೂ ಬೇಕಾಗುತ್ತಾರೆ.

ಯುದ್ಧ ಮುಗಿದ ಮೇಲೆ ನಡೆದ ಒಂದು ಘಟನೆ ಅವರ ಸ್ವಭಾವವನ್ನು ತೋರಿಸುತ್ತದೆ. ಬೇರೆ ಕಡೆ ಕಸಿ ಮಾಡಿದ ಮೂಳೆ ಹೇಗೆ ಬೆಸೆಯುತ್ತದೆ ಎಂದು ತಿಳಿಯಲು ಅವರು ಸಹೋದ್ಯೋಗಿಯೊಬ್ಬರಿಂದ ತಮ್ಮ ಮೊಣಕಾಲಿನ ಕೆಳಗಿನ ಮೂಳೆಯ ಮೇಲೆಯೇ ಪ್ರಯೋಗ ಮಾಡಿಸಿಕೊಂಡರು. ಗಾಯ ಕೀವಾಗಿ, ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಅದನ್ನು ಬುದ್ಧಿವಂತಿಕೆ ಎನ್ನಲಾಗದು. ಆದರೆ ಸೋಂಕು ಮೂಳೆಗೆ ಇಳಿದರೆ ಏನಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದಲ್ಲ, ಸ್ವಂತ ಕಾಲಿನಿಂದ ಕಲಿತರು. ಈ ಪಾಠ ಮುಂದೆ ಸಾವಿರಾರು ರೋಗಿಗಳ ನೆರವಿಗೆ ಬಂತು.

ಕಿರುಗುಟ್ಟುವ ಕೀಲು

ಸೊಂಟದ ಕೀಲನ್ನು ಒಂದು ಚೆಂಡು ಮತ್ತು ಬಟ್ಟಲು ಎಂದು ಭಾವಿಸಿ. ತೊಡೆಮೂಳೆಯ ತುದಿ ಚೆಂಡು. ಸೊಂಟದ ಮೂಳೆಯಲ್ಲಿರುವ ಕುಳಿ ಬಟ್ಟಲು. ಎರಡರ ಮೇಲೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಈ ಹೊದಿಕೆ ಸವೆದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಇದೇ ಸಂಧಿವಾತದ ಸಾಮಾನ್ಯ ರೂಪ. ನೋವು ಹೆಚ್ಚಾಗಿ ತೊಡೆಯ ಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಕೆಟ್ಟಿರುವುದು ಸೊಂಟದ ಕೀಲು, ನೋಯುವುದು ಮೊಣಕಾಲು! ಆದ್ದರಿಂದಲೇ ಮಂಡಿನೋವು ಎಂದು ಬಂದವರ ಸೊಂಟವನ್ನೂ ಒಳ್ಳೆಯ ವೈದ್ಯರು ತಿರುಗಿಸಿ ನೋಡುತ್ತಾರೆ.

ಕೃತಕ ಕೀಲಿನ ಯೋಚನೆ ಚಾರ್ನ್ಲಿ ಅವರಿಗಿಂತ ಹಳೆಯದು. 1938ರಲ್ಲೇ ಲಂಡನ್ನಿನಲ್ಲಿ ಫಿಲಿಪ್ ವೈಲ್ಸ್ ಉಕ್ಕಿನ ಕೀಲುಗಳನ್ನು ಕೂರಿಸಿ ನೋಡಿದ್ದರು. 1946ರಲ್ಲಿ ಪ್ಯಾರಿಸ್ಸಿನ ಜೂಡೆ ಸಹೋದರರು ಸವೆದ ಚೆಂಡಿನ ಜಾಗದಲ್ಲಿ ಅಕ್ರಿಲಿಕ್ ಚೆಂಡನ್ನು ಇಟ್ಟರು. ನಾರ್ವಿಚ್ ನಗರದ ಮೆಕೀ ಎಂಬುವರು ಲೋಹದ ಕೀಲುಗಳ ಮೇಲೆ ಕೆಲಸ ಮಾಡುತ್ತಿದ್ದರು. ಆದರೆ ಇವುಗಳಲ್ಲಿ ಬಹಳಷ್ಟು ಬೇಗ ಸಡಿಲವಾಗುತ್ತಿದ್ದವು.

ಅಂತಹ ಅಕ್ರಿಲಿಕ್ ಕೀಲು ಇದ್ದ ರೋಗಿಯೊಬ್ಬ ಚಾರ್ನ್ಲಿ ಅವರ ಬಳಿ ಬಂದ. ಅವನು ಮುಂದಕ್ಕೆ ಬಾಗಿದರೆ ಸಾಕು, ಕೀಲು ಕಿರ್ ಎಂದು ಸದ್ದು ಮಾಡುತ್ತಿತ್ತು. ಆ ಸದ್ದನ್ನು ತಾಳಲಾರದೆ ಹೆಂಡತಿ ಅವನಿದ್ದ ಕಡೆ ಇರಲು ಹಿಂಜರಿಯುತ್ತಿದ್ದಳಂತೆ. ಇದನ್ನು ಕೇಳಿ ನಕ್ಕು ಬಿಡಬಹುದಿತ್ತು. ಚಾರ್ನ್ಲಿ ಬಿಡಲಿಲ್ಲ. ಸದ್ದು ಬರುತ್ತಿದೆ ಎಂದರೆ ಉಜ್ಜಾಟ ಹೆಚ್ಚಿದೆ. ಉಜ್ಜಾಟ ಹೆಚ್ಚಿದ್ದರೆ ಕೀಲು ಪ್ರತಿ ಹೆಜ್ಜೆಗೂ ಮೂಳೆಯನ್ನು ಅಲುಗಾಡಿಸುತ್ತಿದೆ. ಸಡಿಲವಾಗುವುದಕ್ಕೆ ಕಾರಣ ಇಲ್ಲೇ ಇದೆ ಎಂದು ಅವರಿಗೆ ಹೊಳೆಯಿತು. ಪ್ರಯೋಗಾಲಯದಲ್ಲಿ ಅಳೆದು ನೋಡಿದಾಗ ದೇವರು ಕೊಟ್ಟ ಕೀಲು ಮಂಜುಗಡ್ಡೆಯ ಮೇಲೆ ಜಾರುವ ಉಕ್ಕಿಗಿಂತಲೂ ನುಣುಪು ಎಂದು ತಿಳಿಯಿತು. ಅಕ್ರಿಲಿಕ್ಕಿಗೆ ಆ ಗುಣವಿಲ್ಲ. ದೇಹದ ಸಂಧಿದ್ರವವೂ ಅದನ್ನು ನುಣುಪು ಮಾಡಲಾರದು. ಹಾಗಾದರೆ ತಾನಾಗಿಯೇ ಜಾರುವ ವಸ್ತುವೊಂದು ಬೇಕು.

ಇಲ್ಲಿಂದ ಮೂರು ಯೋಚನೆಗಳು ಬೆಳೆದವು. ಮೊದಲನೆಯದು, ಬಟ್ಟಲಿಗೆ ಟೆಫ್ಲಾನ್ ಬಳಸುವುದು. ಇಂದು ದೋಸೆ ತವಾಗಳ ಮೇಲೆ ಬಳಿದಿರುತ್ತದಲ್ಲ, ಅದೇ ವಸ್ತು. ಎರಡನೆಯದು, ಚೆಂಡನ್ನು ಚಿಕ್ಕದಾಗಿಸುವುದು. ದಪ್ಪ ಅಚ್ಚಿಗಿಂತ ತೆಳುವಾದ ಅಚ್ಚಿನ ಮೇಲೆ ಬಾವಿಯ ರಾಟೆ ಹಗುರವಾಗಿ ತಿರುಗುವುದನ್ನು ನೀವು ನೋಡಿರಬಹುದು. ಅದೇ ನಿಯಮದಂತೆ ಅವರು ಉಕ್ಕಿನ ಚೆಂಡನ್ನು ಸುಮಾರು 22 ಮಿಲಿಮೀಟರಿಗೆ ಇಳಿಸಿದರು. ಆಗ ಬಳಕೆಯಲ್ಲಿದ್ದ ಚೆಂಡುಗಳು 40 ಮಿಲಿಮೀಟರಿನ ಆಸುಪಾಸು ಇದ್ದವು. ಮೂರನೆಯದು, ಹಲ್ಲಿನ ವೈದ್ಯರು ಬಳಸುತ್ತಿದ್ದ ಅಕ್ರಿಲಿಕ್ ಸಿಮೆಂಟಿನಿಂದ ಕೀಲನ್ನು ಮೂಳೆಯೊಳಗೆ ಕೂರಿಸುವುದು. ಇದಕ್ಕೆ ಮ್ಯಾಂಚೆಸ್ಟರಿನ ದಂತ ಆಸ್ಪತ್ರೆಯ ಡೆನಿಸ್ ಸ್ಮಿತ್ ಎಂಬ ವಿಜ್ಞಾನಿ ನೆರವಾದರು. ಈ ಸಿಮೆಂಟು ಅಂಟಿನಂತೆ ಹಿಡಿದುಕೊಳ್ಳುವುದಿಲ್ಲ. ಗೋಡೆಯ ಗಾರೆಯಂತೆ ಸಂದುಗಳನ್ನು ತುಂಬಿ ದೇಹದ ಭಾರವನ್ನು ಎಲ್ಲೆಡೆ ಸಮನಾಗಿ ಹಂಚುತ್ತದೆ.

ಗೆಲುವೆಂದು ಕಂಡ ಸೋಲು

ವಿಗನ್ ಪಟ್ಟಣದ ಬಳಿ ರೈಟಿಂಗ್ಟನ್ ಎಂಬಲ್ಲಿ ಕ್ಷಯರೋಗಿಗಳ ಆಸ್ಪತ್ರೆಯೊಂದಿತ್ತು. ಹೊಸ ಔಷಧಗಳಿಂದಾಗಿ ಕ್ಷಯ ಕಡಿಮೆಯಾಗಿ ಹಾಸಿಗೆಗಳು ಖಾಲಿಯಾಗುತ್ತಿದ್ದವು. ಚಾರ್ನ್ಲಿ ಮ್ಯಾಂಚೆಸ್ಟರ್ ನಗರದ ದೊಡ್ಡ ಆಸ್ಪತ್ರೆಯ ಪ್ರತಿಷ್ಠೆಯನ್ನು ಬದಿಗಿಟ್ಟು ಈ ಹಳ್ಳಿಗಾಡಿನ ಆಸ್ಪತ್ರೆಯನ್ನು ತಮ್ಮ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡರು.

1958ರಿಂದ ಅವರು ಟೆಫ್ಲಾನ್ ಕೀಲುಗಳನ್ನು ಕೂರಿಸತೊಡಗಿದರು. ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ವರ್ಷಗಟ್ಟಲೆ ಊರುಗೋಲು ಹಿಡಿದವರು ನೋವಿಲ್ಲದೆ ನಡೆದರು. 1961ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನ ಬಂತು. ವೈದ್ಯಲೋಕ ತಿರುಗಿ ನೋಡಿತು.

ಆದರೆ ಅಷ್ಟರಲ್ಲೇ ಒಳಗೊಳಗೆ ಬೇರೆಯೇ ನಡೆದಿತ್ತು. ಮೂರು ನಾಲ್ಕು ವರ್ಷಗಳಲ್ಲಿ ಅದೇ ರೋಗಿಗಳು ಒಬ್ಬೊಬ್ಬರಾಗಿ ಮತ್ತೆ ಕುಂಟುತ್ತಾ ಬಂದರು. ಎಕ್ಸ್-ರೇ ತೆಗೆದರೆ ಚಿಕ್ಕ ಉಕ್ಕಿನ ಚೆಂಡು ಟೆಫ್ಲಾನ್ ಬಟ್ಟಲನ್ನು ಕೊರೆದು ಒಳಗಿಳಿದಿತ್ತು. ಕೀಲನ್ನು ತೆರೆದು ನೋಡಿದರೆ ಗಿಣ್ಣಿನಂತಹ ವಸ್ತು ತುಂಬಿಕೊಂಡು ಸುತ್ತಲ ಮೂಳೆಯನ್ನು ತಿನ್ನುತ್ತಿತ್ತು. ಇಡಿಯಾಗಿದ್ದಾಗ ದೇಹಕ್ಕೆ ತೊಂದರೆ ಕೊಡದ ಟೆಫ್ಲಾನ್, ಸವೆದು ಸಣ್ಣ ಪುಡಿಯಾದಾಗ ದೇಹದ ಪಾಲಿಗೆ ವೈರಿಯಾಗಿತ್ತು. ಪುಡಿಯನ್ನು ನುಂಗಲು ಬಂದ ಜೀವಕೋಶಗಳೇ ಉರಿಯೂತವನ್ನು ಹುಟ್ಟಿಸುತ್ತಿದ್ದವು. ಸುಮಾರು 300 ರೋಗಿಗಳಿಗೆ ಈ ಕೀಲು ಹಾಕಲಾಗಿತ್ತು.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಆ ಕಾಲದಲ್ಲಿ ಇಂತಹ ಸಾಧನಗಳನ್ನು ಪರೀಕ್ಷಿಸುವ ಕಟ್ಟುನಿಟ್ಟಾದ ಕಾನೂನು ಇರಲಿಲ್ಲ. ಮೌನವಾಗಿ ಬೇರೆ ಕೆಲಸಕ್ಕೆ ತಿರುಗಿಕೊಳ್ಳಲು ಅವರಿಗೆ ಅವಕಾಶವಿತ್ತು. ರೋಗಿಗಳ ವಯಸ್ಸಿನ ಮೇಲೆಯೋ ಮೂಳೆಯ ಮೇಲೆಯೋ ತಪ್ಪು ಹೊರಿಸಬಹುದಿತ್ತು. ಚಾರ್ನ್ಲಿ ಅದಾವುದನ್ನೂ ಮಾಡಲಿಲ್ಲ. ತಾವು ಹಾಕಿದ ಕೀಲುಗಳನ್ನು ತೆಗೆಯಲು ತಾವೇ ಮತ್ತೆ ಶಸ್ತ್ರಚಿಕಿತ್ಸೆಗೆ ನಿಂತರು. ಸೋಲನ್ನು ಹೆಸರು ಹಾಕಿಯೇ ಪ್ರಕಟಿಸಿದರು. ಟೆಫ್ಲಾನ್ ಪುಡಿ ಏನು ಮಾಡುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಲು ಅದನ್ನು ತಮ್ಮ ತೊಡೆಯೊಳಗೆ ಇಡಿಸಿಕೊಂಡರು. ಅದು ಗಂಟುಗಳಾಗಿ ಊದಿಕೊಂಡಿತು. ಆ ವರದಿ 1963ರಲ್ಲಿ ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು.

ಮಗ್ಗದ ಪ್ಲಾಸ್ಟಿಕ್ ಕೀಲಿಗೆ ಬಂದದ್ದು

ಪರಿಹಾರ ಬಂದದ್ದು ಅನಿರೀಕ್ಷಿತ ದಾರಿಯಿಂದ. 1962ರಲ್ಲಿ ಪ್ಲಾಸ್ಟಿಕ್ ಮಾರಾಟಗಾರನೊಬ್ಬ ರೈಟಿಂಗ್ಟನ್‌ಗೆ ಬಂದ. ಲ್ಯಾಂಕಶೈರಿನ ಮಗ್ಗಗಳ ಗೇರುಗಳಿಗೆ ಬಳಸುತ್ತಿದ್ದ ಪಾಲಿಎಥಿಲೀನ್ ಅವನ ಕೈಯಲ್ಲಿತ್ತು. ಆಸ್ಪತ್ರೆಯ ಕಾರ್ಯಾಗಾರದಲ್ಲಿದ್ದ ತಂತ್ರಜ್ಞ ಹ್ಯಾರಿ ಕ್ರೇವನ್ ಒಂದು ತುಂಡನ್ನು ತೆಗೆದುಕೊಂಡು ಚಾರ್ನ್ಲಿಗೆ ತೋರಿಸಿದರು. ಇದರಿಂದ ಸಮಯ ಹಾಳು ಎಂದು ಚಾರ್ನ್ಲಿ ತಳ್ಳಿಹಾಕಿದರು. ಆದರೂ ಅವರು ವಿದೇಶಕ್ಕೆ ಹೋಗಿದ್ದಾಗ ಕ್ರೇವನ್ ಆ ತುಂಡನ್ನು ಸವೆತ ಅಳೆಯುವ ಯಂತ್ರಕ್ಕೆ ಹಾಕಿ ಹಗಲು ರಾತ್ರಿ ಓಡಿಸಿದರು. ಮೂರು ವಾರ ಓಡಿದ ಮೇಲೂ ಅದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ.

ಚಾರ್ನ್ಲಿ ಹಿಂದಿರುಗಿದರು, ಅಂಕಿಅಂಶ ನೋಡಿದರು, ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಹೆಸರಾಂತ ಶಸ್ತ್ರವೈದ್ಯರೊಬ್ಬರು ತಮ್ಮ ತಂತ್ರಜ್ಞನ ಮುಂದೆ ತಪ್ಪೊಪ್ಪಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಈ ಬಾರಿ ಹೊಸ ವಸ್ತುವನ್ನೂ ಅವರು ತೊಡೆಯೊಳಗೆ ಇಡಿಸಿಕೊಂಡು ನೋಡಿದ್ದರು. ಅದು ಇದ್ದದ್ದೇ ಕೈಗೆ ತಿಳಿಯದಷ್ಟು ತಣ್ಣಗಿತ್ತು. 1962ರ ನವೆಂಬರಿನಲ್ಲಿ ಮೊದಲ ಪಾಲಿಎಥಿಲೀನ್ ಬಟ್ಟಲು ರೋಗಿಯೊಬ್ಬರ ದೇಹ ಸೇರಿತು. ಉಕ್ಕಿನ ಚಿಕ್ಕ ಚೆಂಡು, ಪ್ಲಾಸ್ಟಿಕ್ ಬಟ್ಟಲು, ಅಕ್ರಿಲಿಕ್ ಸಿಮೆಂಟು: ಜಗತ್ತು ನೆಚ್ಚಿಕೊಂಡ ಚಾರ್ನ್ಲಿ ಕೀಲು ಇದೇ.

ಎಲ್ಲ ಕಡೆಯಿಂದ ಬೇಡಿಕೆ ಬಂತು. ಆದರೆ ಒಮ್ಮೆ ಸುಟ್ಟುಕೊಂಡ ಕೈ. ಕೀಲನ್ನು ಬೇಕಾದವರಿಗೆಲ್ಲ ಮಾರಲು ಅವರು ಹಲವು ವರ್ಷ ಬಿಡಲಿಲ್ಲ. ರೈಟಿಂಗ್ಟನ್‌ಗೆ ಬಂದು ಕಲಿತ ವೈದ್ಯರಿಗೆ ಮಾತ್ರ ಅದು ಸಿಗುತ್ತಿತ್ತು. ಆರಂಭದಲ್ಲಿ ಹೆಚ್ಚಾಗಿ ವಯಸ್ಸಾದವರನ್ನೇ ಆರಿಸಿಕೊಂಡರು. ಕೀಲು ಎಷ್ಟು ವರ್ಷ ಬಾಳುತ್ತದೆ ಎಂದು ತಿಳಿಯದೆ ಯುವಕರಿಗೆ ಹಾಕುವುದು ಅವರಿಗೆ ಒಪ್ಪಿಗೆ ಇರಲಿಲ್ಲ.

ಗಾಳಿಯ ಮೇಲೆ ಅನುಮಾನ

ಇನ್ನೊಂದು ಶತ್ರು ಬಾಕಿ ಇತ್ತು: ಸೋಂಕು. ಆರಂಭದ ವರ್ಷಗಳಲ್ಲಿ 100 ರೋಗಿಗಳಲ್ಲಿ ಏಳೆಂಟು ಮಂದಿಗೆ ಕೀಲಿನಲ್ಲಿ ಕೀವಾಗುತ್ತಿತ್ತು. ಹಾಗಾದರೆ ಕೀಲನ್ನೇ ತೆಗೆಯಬೇಕಾಗುತ್ತಿತ್ತು. ಶಸ್ತ್ರಚಿಕಿತ್ಸಾ ಕೋಣೆಯ ಗಾಳಿಯಲ್ಲಿ ತೇಲುವ ರೋಗಾಣುಗಳೇ ಇದಕ್ಕೆ ಮುಖ್ಯ ಕಾರಣ ಎಂದು ಚಾರ್ನ್ಲಿ ಶಂಕಿಸಿದರು. ಮೇಜಿನ ಸುತ್ತ ಗಾಜಿನ ಮನೆಯಂತಹ ಆವರಣ ಕಟ್ಟಿಸಿ, ಸೋಸಿದ ಗಾಳಿಯನ್ನು ಮೇಲಿನಿಂದ ಕೆಳಕ್ಕೆ ಹರಿಸಿದರು. ವೈದ್ಯರ ಉಸಿರು ಗಾಯವನ್ನು ಮುಟ್ಟದಂತೆ, ಅದನ್ನು ಕೊಳವೆಯಿಂದ ಹೊರಕ್ಕೆ ಎಳೆಯುವ ಮೈತುಂಬ ಮುಚ್ಚುವ ಉಡುಪನ್ನು ರೂಪಿಸಿದರು. ಇದೆಲ್ಲ ಅತಿಯಾಯಿತು ಎಂದವರೂ ಇದ್ದರು. ಆದರೆ ವರ್ಷ ವರ್ಷವೂ ಬರೆದಿಟ್ಟ ಲೆಕ್ಕದಲ್ಲಿ ಸೋಂಕು 100ರಲ್ಲಿ ಒಂದಕ್ಕಿಂತ ಕಡಿಮೆಗೆ ಇಳಿಯಿತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಆಸ್ಪತ್ರೆಗಳಲ್ಲಿ ನಡೆಸಿದ ದೊಡ್ಡ ಅಧ್ಯಯನವೂ ಶುದ್ಧ ಗಾಳಿಯಿಂದ ಸೋಂಕು ತಗ್ಗುತ್ತದೆ ಎಂದು 1982ರಲ್ಲಿ ಹೇಳಿತು.

ನೋವಿಗೂ ಒಂದು ಅಳತೆ

ಚಿಕಿತ್ಸೆ ಗೆದ್ದಿತೋ ಸೋತಿತೋ ಎಂದು ತಿಳಿಯುವುದು ಹೇಗೆ? ರೋಗಿ ಚೆನ್ನಾಗಿದ್ದೇನೆ ಎಂದರೆ ಸಾಕೇ? ಸಾಲದು ಎಂದರು ಚಾರ್ನ್ಲಿ. ನೋವು, ಕೀಲಿನ ಚಲನೆ, ನಡಿಗೆ ಈ ಮೂರಕ್ಕೂ 1ರಿಂದ 6ರವರೆಗೆ ಅಂಕ ಕೊಡುವ, ಫ್ರೆಂಚ್ ವೈದ್ಯರು ರೂಪಿಸಿದ್ದ ಪದ್ಧತಿಯನ್ನು ತಿದ್ದಿ ಬಳಸಿದರು. ಜೊತೆಗೆ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದೇ ಸೊಂಟ ಕೆಟ್ಟವರು ಮೊದಲ ಗುಂಪು. ಎರಡೂ ಕೆಟ್ಟವರು ಎರಡನೆಯದು. ಹೃದಯದ ಕಾಯಿಲೆಯೋ ಹಲವು ಕೀಲುಗಳ ರೋಗವೋ ಇದ್ದು ಬೇರೆ ಕಾರಣಕ್ಕೂ ನಡೆಯಲಾಗದವರು ಮೂರನೆಯದು. ಏಕೆ ಗೊತ್ತೇ? ಮೂರನೆಯ ಗುಂಪಿನವರ ನಡಿಗೆ ಸುಧಾರಿಸದಿದ್ದರೆ ಅದು ಕೀಲಿನ ದೋಷವಲ್ಲ. ಇವರನ್ನು ಮೊದಲನೆಯವರ ಜೊತೆ ಬೆರೆಸಿ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಈ ಸರಳ ವಿಂಗಡಣೆಯನ್ನು ಮೂಳೆ ವೈದ್ಯರು ಇಂದಿಗೂ ಬಳಸುತ್ತಾರೆ.

ಅವರ ಲೆಕ್ಕ ರೋಗಿಯ ಸಾವಿನೊಂದಿಗೂ ಮುಗಿಯುತ್ತಿರಲಿಲ್ಲ. ತಾವು ತೀರಿಕೊಂಡ ಮೇಲೆ ಕೃತಕ ಕೀಲನ್ನು ಪರೀಕ್ಷೆಗೆ ತೆಗೆದುಕೊಳ್ಳಲು ಒಪ್ಪಿಗೆ ಕೊಡಿ ಎಂದು ಅವರು ರೋಗಿಗಳನ್ನು ಕೇಳಿಕೊಂಡರು. ಅನೇಕರು ಸಂತೋಷದಿಂದ ಒಪ್ಪಿದರು. ನಡೆಯುವ ಭಾಗ್ಯ ಮರಳಿ ಪಡೆದವರು ಮುಂದಿನವರಿಗಾಗಿ ಮಾಡಿದ ದಾನವದು. ಆ ಕೀಲುಗಳನ್ನು ಕತ್ತರಿಸಿ, ಸೂಕ್ಷ್ಮದರ್ಶಕದಡಿ ಇಟ್ಟು, ಸಿಮೆಂಟು ಮತ್ತು ಮೂಳೆ ಎಷ್ಟು ವರ್ಷಗಳ ಬಳಿಕ ಹೇಗಿವೆ ಎಂದು ಅವರು ಅಭ್ಯಾಸ ಮಾಡಿದರು.

1974ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. 1975ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. 1977ರಲ್ಲಿ ಸರ್ ಪದವಿ ಬಂತು. 1979ರಲ್ಲಿ ತಮ್ಮ ಅನುಭವವನ್ನೆಲ್ಲ ಒಂದು ಗ್ರಂಥವಾಗಿ ಹೊರತಂದರು. 1982ರ ಆಗಸ್ಟ್ 5ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ಅವರು ಕಣ್ಮುಚ್ಚಿದರು.

ನಮಗೆ ಉಳಿದ ಪಾಠ

ಚಾರ್ನ್ಲಿ ಕೊಟ್ಟ ಪ್ಲಾಸ್ಟಿಕ್ಕಿಗೂ ಕುಂದು ಇತ್ತು. ಬಹಳ ವರ್ಷಗಳ ಬಳಿಕ ಅದರ ಪುಡಿಯೂ ಮೂಳೆಯನ್ನು ಸಡಿಲಗೊಳಿಸುವುದು ಕಂಡುಬಂತು. 1990ರ ದಶಕದ ಕೊನೆಯಿಂದ ಇನ್ನಷ್ಟು ಗಟ್ಟಿಯಾದ ಪಾಲಿಎಥಿಲೀನ್ ಬಳಕೆಗೆ ಬಂತು. ಕೀಲುಗಳ ಫಲಿತಾಂಶವನ್ನು ದೇಶಮಟ್ಟದಲ್ಲಿ ದಾಖಲಿಸುವ ಕೆಲಸ ಸ್ವೀಡನ್ನಿನಲ್ಲಿ 1979ರಲ್ಲಿ, ಇಂಗ್ಲೆಂಡಿನಲ್ಲಿ 2003ರಲ್ಲಿ ಶುರುವಾಯಿತು.

ಈ ದಾಖಲೆಯ ಬೆಲೆ ಏನೆಂದು 2010ರಲ್ಲಿ ಜಗತ್ತಿಗೆ ತಿಳಿಯಿತು. ಲೋಹಕ್ಕೆ ಲೋಹ ಉಜ್ಜುವ ಹೊಸ ಬಗೆಯ ಕೀಲೊಂದನ್ನು ತಯಾರಕರು ಎಲ್ಲ ದೇಶಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಅದು ನಿರೀಕ್ಷೆಗಿಂತ ಬೇಗ ಕೆಡುತ್ತಿದೆ ಎಂದು ತೋರಿಸಿಕೊಟ್ಟದ್ದು ಇಂತಹ ದಾಖಲೆಗಳೇ. ಭಾರತದಲ್ಲೂ ಸಾವಿರಾರು ಮಂದಿಗೆ ಆ ಕೀಲು ಹಾಕಲಾಗಿತ್ತು. ಅವರಲ್ಲಿ ಬಹಳ ಜನ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಹುಡುಕುವುದೇ ಮುಂದೆ ದೊಡ್ಡ ಕಷ್ಟವಾಯಿತು. ತನ್ನ ರೋಗಿಯನ್ನು ಸಾವಿನ ಆಚೆಗೂ ಮರೆಯದ ಚಾರ್ನ್ಲಿ ಎಲ್ಲಿ, ಕೀಲು ಹಾಕಿ ವಿಳಾಸವನ್ನೂ ಇಟ್ಟುಕೊಳ್ಳದ ವ್ಯವಸ್ಥೆ ಎಲ್ಲಿ!

ಮನೆಯಲ್ಲಿ ಕೀಲುನೋವಿನವರಿದ್ದರೆ ಮೊದಲು ಪರೀಕ್ಷೆ ಮಾಡಿಸಿ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ತೂಕ ಇಳಿಸುವುದು, ವ್ಯಾಯಾಮ, ಔಷಧಗಳಿಂದ ಬಹಳ ಜನರಿಗೆ ಅನುಕೂಲವಾಗುತ್ತದೆ. ಬೆಳಿಗ್ಗೆ ಬಹಳ ಹೊತ್ತು ಕೈಕಾಲು ಬಿಗಿದು ಕೀಲುಗಳು ಊದಿಕೊಳ್ಳುತ್ತಿದ್ದರೆ ತಡ ಮಾಡಬೇಡಿ. ಅದು ಸವೆತವಲ್ಲದೆ ಬೇರೆ ಬಗೆಯ ಸಂಧಿವಾತವಾಗಿರಬಹುದು, ಬೇಗ ಔಷಧ ಆರಂಭಿಸಿದರೆ ಕೀಲು ಉಳಿಯುತ್ತದೆ. ಕೃತಕ ಕೀಲು ಹಾಕಿಸಿಕೊಂಡರೆ ಅದರ ಹೆಸರು, ಸಂಖ್ಯೆ, ದಿನಾಂಕ ಬರೆದ ಕಾಗದವನ್ನು ಕೇಳಿ ಪಡೆದು ಜೋಪಾನವಾಗಿಡಿ. ನೋವಿಲ್ಲದಿದ್ದರೂ ವೈದ್ಯರು ಹೇಳಿದ ದಿನ ಹೋಗಿ ತೋರಿಸಿ.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ, ಕೆಲವರು ಇಂಜಿನಿಯರ್, ಶಿಕ್ಷಕ, ವ್ಯಾಪಾರಿ ಆಗುವಿರಿ. ಪರೀಕ್ಷೆಯಲ್ಲಿ ಸಿಕ್ಕ ಅಂಕವನ್ನು ಎಲ್ಲರೂ ನೆನಪಿಡುತ್ತಾರೆ; ಕಳೆದುಕೊಂಡ ಅಂಕ ಎಲ್ಲಿ ಹೋಯಿತು ಎಂದು ನೋಡುವವರು ಕಡಿಮೆ. ಚಾರ್ನ್ಲಿ ಅವರ 300 ಸೋಲುಗಳು ಕಪಾಟಿನಲ್ಲಿ ಮುಚ್ಚಿಟ್ಟಿದ್ದರೆ ಅವು ಬರೀ 300 ಜನರ ನೋವಾಗಿ ಮುಗಿಯುತ್ತಿದ್ದವು. ಅವರು ಅವನ್ನು ಎಣಿಸಿದರು, ಬರೆದರು, ಎಲ್ಲರಿಗೂ ತೋರಿಸಿದರು. ಆದ್ದರಿಂದಲೇ ಇಂದು ನಿಮ್ಮ ಬೀದಿಯ ಒಬ್ಬ ಅಜ್ಜಿ ಕೋಲು ಬದಿಗಿಟ್ಟು ಮೊಮ್ಮಗಳ ಮದುವೆಗೆ ನಡೆದು ಹೋಗುತ್ತಾರೆ.